ಗ್ಲೂಟೆನ್‌ರಹಿತ ಬಿಸ್ಕತ್ತು: ಹಿಟ್ಟು, ಕೊಠಡಿ ಮತ್ತು ಲೆಕ್ಕ

ರಾಗಿ ಬಿಸ್ಕತ್ತು ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುವ ಪೊಟ್ಟಣಗಳನ್ನು ತಿರುಗಿಸಿ ಪದಾರ್ಥಗಳ ಪಟ್ಟಿಯನ್ನು ಓದಿದರೆ, ಹಲವು ಬಾರಿ ಮೊದಲು ಕಾಣಸಿಗುವುದು ರಾಗಿಯಲ್ಲ, ಮೈದಾ ಅಥವಾ ಗೋಧಿ ಹಿಟ್ಟು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಮುದ್ರಿಸಬೇಕೆಂಬುದು ನಿಯಮ. ಆದುದರಿಂದ ಆ ಬಿಸ್ಕತ್ತಿನಲ್ಲಿ ರಾಗಿಗಿಂತ ಗೋಧಿಯೇ ಹೆಚ್ಚು ಎಂಬುದನ್ನು ತಯಾರಕರು ತಾವಾಗಿಯೇ ಒಪ್ಪಿಕೊಂಡಂತಾಯಿತು. ಇದರಲ್ಲಿ ವಂಚನೆಯೇನೂ ಇಲ್ಲ. ರಾಗಿ ಹಿಟ್ಟು ತಾನಾಗಿ ಕೂಡಿ ನಿಲ್ಲುವುದಿಲ್ಲ. ಅದನ್ನು ಹಿಡಿದಿಡಲು ಮೈದಾ ಬೇಕಾಗುತ್ತದೆ. ಬೇಕರಿ ಕಸುಬಿನವರು ಬಹುಕಾಲದಿಂದ ಕಂಡುಕೊಂಡ ಸುಲಭೋಪಾಯವದು.

ಆದರೆ ಅಂತಹ ರಾಗಿ ಬಿಸ್ಕತ್ತೇ ಬೇರೆ, ಗ್ಲೂಟೆನ್‌ರಹಿತ ಬಿಸ್ಕತ್ತೇ ಬೇರೆ. ಮೊದಲನೆಯದು ರುಚಿ ಮತ್ತು ಪೌಷ್ಟಿಕತೆಯ ವ್ಯಾಪಾರ. ಎರಡನೆಯದು ಕೆಲವು ಗ್ರಾಹಕರ ಪಾಲಿಗೆ ಪಥ್ಯದ ಆಹಾರ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನೇ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಬಳಿಕ, ರಾಜ್ಯದ ಸಣ್ಣ ಬೇಕರಿಗಳಲ್ಲಿಯೂ ಮೈದಾವನ್ನು ಸಂಪೂರ್ಣವಾಗಿ ಕೈಬಿಟ್ಟು ರಾಗಿ, ಜೋಳ, ನವಣೆಗಳಿಂದಲೇ ಕುಕ್ಕೀಸ್ ತಯಾರಿಸುವ ಪ್ರಯತ್ನಗಳು ಹೆಚ್ಚಿವೆ. ಅಲ್ಲಿಂದ ಮುಂದಿನ ಹೆಜ್ಜೆಯಾಗಿ ಪೊಟ್ಟಣದ ಮೇಲೆ ‘ಗ್ಲೂಟೆನ್ ಫ್ರೀ’ ಎಂದು ಅಚ್ಚು ಹಾಕಿಸುವ ಆಸೆ ಸಹಜವಾಗಿಯೇ ಮೂಡುತ್ತದೆ. ಪಾಕವಿಧಾನವನ್ನು ಬದಲಿಸಲು ಕೆಲವು ವಾರಗಳ ಪ್ರಯೋಗ ಸಾಕು. ಆ ಎರಡು ಪದಗಳನ್ನು ಅಚ್ಚು ಹಾಕಿಸುವ ಅರ್ಹತೆ ಗಳಿಸಲು ಮಾತ್ರ ಬೇರೆ ಕೊಠಡಿ, ಬೇರೆ ಗಿರಣಿ ಮತ್ತು ಬೇರೆ ರೀತಿಯ ಲೆಕ್ಕಾಚಾರವೇ ಬೇಕಾಗುತ್ತದೆ.

ಗ್ರಾಹಕರು ಯಾರು, ಎಲ್ಲಿದ್ದಾರೆ

ಗೋಧಿ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರಲ್ಲಿರುವ ಗ್ಲಯಾಡಿನ್ ಮತ್ತು ಗ್ಲೂಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಕೂಡಿಕೊಂಡು ಎಳೆದರೆ ಹಿಗ್ಗುವ ಜಾಲವೊಂದನ್ನು ನಿರ್ಮಿಸುತ್ತವೆ. ಇದೇ ಗ್ಲೂಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ಸಮೀಪ ಬಂಧುಗಳಾದ ಪ್ರೋಟೀನುಗಳಿವೆ. ಬಾರ್ಲಿಗೆ ಕನ್ನಡದಲ್ಲಿ ಜವೆಗೋಧಿ ಎಂಬ ಹೆಸರಿರುವುದು ಈ ಸಂದರ್ಭದಲ್ಲಿ ನೆನಪಿಡಲು ಅನುಕೂಲವೇ ಆಗಿದೆ. ಸೀಲಿಯಾಕ್ ಎಂಬ ಕಾಯಿಲೆಯುಳ್ಳವರಲ್ಲಿ ಈ ಪ್ರೋಟೀನುಗಳು ಸಣ್ಣ ಕರುಳಿನ ಒಳಪದರಕ್ಕೆ ಹಾನಿಯುಂಟುಮಾಡುತ್ತವೆ. ಈ ಕಾಯಿಲೆಗೂ ಗೋಧಿಗೂ ಇರುವ ಸಂಬಂಧವನ್ನು ಖಚಿತಪಡಿಸಿದವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರ ಪ್ರಬಂಧ ಹೊರಬಂದುದು 1950ರಲ್ಲಿ. ಕಾಯಿಲೆಗೆ ಇಂದಿಗೂ ಇರುವ ಸ್ಥಾಪಿತ ಚಿಕಿತ್ಸೆ ಎಂದರೆ ಜೀವನಪರ್ಯಂತ ಗ್ಲೂಟೆನ್‌ರಹಿತ ಆಹಾರ ಸೇವನೆ ಮಾತ್ರ.

ವ್ಯಾಪಾರದ ದೃಷ್ಟಿಯಿಂದ ಗಮನಾರ್ಹವಾದುದು ಈ ಗ್ರಾಹಕರ ಭೌಗೋಳಿಕ ಹಂಚಿಕೆ. ದೇಶದ ಮೂರು ವಲಯಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ವಯಸ್ಕರಲ್ಲಿ ಈ ಕಾಯಿಲೆಯ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಮತ್ತು ದಕ್ಷಿಣದಲ್ಲಿ ಕೇವಲ ಶೇ. 0.10. ಅಕ್ಕಿ, ರಾಗಿ, ಜೋಳ ಉಣ್ಣುವ ನಾಡಿಗಿಂತ ಗೋಧಿ ಉಣ್ಣುವ ನಾಡಿನಲ್ಲಿ ಗ್ರಾಹಕರು ಹತ್ತುಪಟ್ಟಿಗೂ ಮಿಗಿಲಾಗಿ ಇದ್ದಾರೆ ಎಂದಾಯಿತು. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು; ಅದರಿಂದ ತಯಾರಾಗುವ ಗ್ಲೂಟೆನ್‌ರಹಿತ ಬಿಸ್ಕತ್ತಿನ ಅಗತ್ಯ ಹೆಚ್ಚಾಗಿರುವುದು ಪಂಜಾಬ್, ಹರಿಯಾಣ, ದೆಹಲಿ ಮುಂತಾದೆಡೆ. ಬೆಂಗಳೂರಿನಲ್ಲಿ ನೆಲೆಸಿರುವ ಉತ್ತರದ ಕುಟುಂಬಗಳೂ, ವೈದ್ಯರ ಸೂಚನೆಯಿಲ್ಲದೆ ಸ್ವಇಚ್ಛೆಯಿಂದ ಗೋಧಿಯನ್ನು ತ್ಯಜಿಸಿದವರೂ ಇದ್ದಾರೆ, ನಿಜ. ಆದರೆ ತಿಂಗಳು ತಿಂಗಳೂ ತಪ್ಪದೆ ಕೊಳ್ಳುವವರು ಬೇರೆ ದಾರಿಯಿಲ್ಲದವರೇ. ಅವರನ್ನು ತಲುಪಲು ಸರಕು ರಾಜ್ಯದ ಗಡಿ ದಾಟಬೇಕಾಗುತ್ತದೆ. ಈ ಒಂದು ಸಂಗತಿ ಮುಂದೆ ತೆರಿಗೆಯ ಲೆಕ್ಕದಲ್ಲಿ ಮತ್ತೆ ಎದುರಾಗಲಿದೆ.

ಯಾವ ಬಿಸ್ಕತ್ತು ಒಗ್ಗುತ್ತದೆ

ಗೋಧಿಯಿಂದ ಮಾಡುವ ತಿನಿಸುಗಳ ಪೈಕಿ ಗ್ಲೂಟೆನ್ ಇಲ್ಲದೆಯೂ ನಡೆಯಬಲ್ಲದ್ದೆಂದರೆ ಕುಕ್ಕೀಸ್. ಬ್ರೆಡ್ಡು ಉಬ್ಬಿ ನಿಲ್ಲಲು ಗ್ಲೂಟೆನ್ ಜಾಲವೇ ಆಧಾರ. ಕುಕ್ಕೀಸಿನಲ್ಲಿಯಾದರೋ ಹಿಟ್ಟಿನ ತೂಕದ ಸುಮಾರು ಅರ್ಧದಷ್ಟು ಸಕ್ಕರೆ, ಹತ್ತಿರ ಹತ್ತಿರ ಅಷ್ಟೇ ಕೊಬ್ಬು ಇರುತ್ತದೆ. ಕೊಬ್ಬು ಹಿಟ್ಟಿನ ಕಣಗಳನ್ನು ಆವರಿಸಿ ನೀರನ್ನು ದೂರವಿಡುತ್ತದೆ. ಸಕ್ಕರೆ ಇದ್ದ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಹೀಗಾಗಿ ಗೋಧಿ ಕುಕ್ಕೀಸಿನಲ್ಲಿಯೂ ಗ್ಲೂಟೆನ್ ಜಾಲ ಬಲವಾಗಿ ಬೆಳೆಯುವುದಿಲ್ಲ, ಬೆಳೆಯಕೂಡದು ಕೂಡ. ಬೆಳೆದರೆ ಬಿಸ್ಕತ್ತು ಗಡುಸಾಗುತ್ತದೆ.

ಆದುದರಿಂದ ಬೆಣ್ಣೆ ಬಿಸ್ಕತ್ತು, ನಾನ್‌ಖಟಾಯಿ, ಅಚ್ಚಿನಲ್ಲಿ ಒತ್ತಿ ತೆಗೆಯುವ ಅಥವಾ ಚಮಚದಿಂದ ಬಿಡುವ ಕುಕ್ಕೀಸ್ ಇವುಗಳಿಂದ ಆರಂಭಿಸುವುದು ಕ್ಷೇಮ. ಮಾರಿ ಬಿಸ್ಕತ್ತಿನಂತೆ ತೆಳ್ಳಗೆ ಹಾಳೆಯಾಗಿ ಲಟ್ಟಿಸಿ ಕತ್ತರಿಸುವ ಬಗೆ, ಹುಳಿ ಬರಿಸಿ ಪದರ ಮಾಡುವ ಕ್ರ್ಯಾಕರ್ ಬಗೆ ಇವೆರಡಕ್ಕೂ ಗ್ಲೂಟೆನ್ ಬೇಕೇ ಬೇಕು. ರಾಗಿ ಹಾಳೆಯು ಉರುಳೆಯ ಮೇಲೆ ನಾಲ್ಕು ಅಡಿ ಸಾಗುವುದರೊಳಗೆ ಹರಿಯುತ್ತದೆ. ಅದನ್ನು ಸರಿಪಡಿಸಲು ಹೊರಟು ಯಂತ್ರಕ್ಕೆ ಬಂಡವಾಳ ಹಾಕುವುದು ಸಣ್ಣ ಘಟಕಕ್ಕೆ ತರವಲ್ಲ.

ಹಿಟ್ಟುಗಳ ಗುಣಾವಗುಣಗಳು

ಮೈದಾಕ್ಕೆ ಬದಲಾಗಿ ಒಂದೇ ಹಿಟ್ಟನ್ನು ಬಳಸಿ ಯಶಸ್ವಿಯಾದವರು ವಿರಳ. ಪ್ರತಿಯೊಂದು ಹಿಟ್ಟಿಗೂ ಒಂದೊಂದು ಗುಣ, ಒಂದೊಂದು ದೋಷ.

ಅಕ್ಕಿ ಹಿಟ್ಟು ಬಿಳುಪು, ರುಚಿಯಲ್ಲಿ ಸೌಮ್ಯ, ಎಲ್ಲೆಡೆ ದೊರೆಯುತ್ತದೆ. ಆದರೆ ಹಲ್ಲಿಗೆ ಮರಳು ಮರಳಾಗಿ ಸಿಗುತ್ತದೆ. ಈ ದೋಷ ನಿವಾರಣೆಗೆ ಎರಡು ದಾರಿಗಳಿವೆ. ಒಂದು, ಹಿಟ್ಟನ್ನು ಸಾಧ್ಯವಾದಷ್ಟು ನುಣ್ಣಗೆ ಬೀಸಿ ಜರಡಿ ಹಿಡಿಯುವುದು. ಮತ್ತೊಂದು, ಕಲಸಿದ ಕಣಕವನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಕಾಲ ಮುಚ್ಚಿಟ್ಟು ಕಣಗಳು ನೀರು ಹೀರಲು ಅವಕಾಶ ಕೊಡುವುದು. ಮೈದಾ ಕಣಕವನ್ನು ಕಲಸಿದೊಡನೆ ಒಲೆಗೆ ಕಳುಹಿಸುವ ಅಭ್ಯಾಸವುಳ್ಳ ಕೆಲಸಗಾರರಿಗೆ ಈ ವಿರಾಮ ಸಮಯ ವ್ಯರ್ಥವೆಂದು ತೋರುತ್ತದೆ. ಅದನ್ನು ತಪ್ಪಿಸಿದರೆ ಗ್ರಾಹಕರ ಮೊದಲ ದೂರು ಬಾಯಲ್ಲಿನ ಮರಳಿನದ್ದೇ ಆಗಿರುತ್ತದೆ.

ರಾಗಿ ಹಿಟ್ಟಿನಲ್ಲಿ ನಾರಿನಂಶ ಹೆಚ್ಚು. ನೀರನ್ನು ಅಧಿಕವಾಗಿ ಹೀರುತ್ತದೆ, ಬಿಸ್ಕತ್ತು ಹರಡದೆ ಉಂಡೆಯಾಗಿಯೇ ಉಳಿಯುತ್ತದೆ. ಬಣ್ಣ ಮೊದಲೇ ಕಂದು. ಮೈದಾ ಬಿಸ್ಕತ್ತು ಬೆಂದುದನ್ನು ಕಣ್ಣಿನಿಂದಲೇ ಅಳೆಯುವ ಅನುಭವಿ ಭಟ್ಟಿಯವರು ಇಲ್ಲಿ ಮೋಸಹೋಗುವುದುಂಟು. ಬಣ್ಣವನ್ನು ನಂಬದೆ ಗಡಿಯಾರವನ್ನೂ ತೂಕದ ಇಳಿಕೆಯನ್ನೂ ನೋಡಬೇಕು. ಹಿಟ್ಟನ್ನು ಹದವಾಗಿ ಹುರಿದು ಬಳಸಿದರೆ ಹಸಿ ವಾಸನೆ ಹೋಗಿ ಹುರಿಹಿಟ್ಟಿನ ಪರಿಮಳ ಬರುತ್ತದೆ; ಆಗ ನೀರಿನ ಪ್ರಮಾಣವನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕಾಗುತ್ತದೆ. ಬಿಳಿ ಜೋಳವು ಬಣ್ಣದಲ್ಲಿಯೂ ರುಚಿಯಲ್ಲಿಯೂ ಮೈದಾಕ್ಕೆ ಹೆಚ್ಚು ಹತ್ತಿರ. ಸಜ್ಜೆಯ ಹಿಟ್ಟಿನಲ್ಲಿ ಜಿಡ್ಡಿನಂಶ ಅಧಿಕವಾಗಿರುವುದರಿಂದ ಬೀಸಿದ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಮೂರು ತಿಂಗಳ ಬಾಳಿಕೆ ಬಯಸುವ ಸರಕಿಗೆ ಅದನ್ನು ದೂರವಿಡುವುದೇ ಲೇಸು. ಕಡಲೆ ಹಿಟ್ಟು ಪ್ರೋಟೀನು ಒದಗಿಸುತ್ತದೆ, ಬಣ್ಣ ತರುತ್ತದೆ, ಆದರೆ ಹತ್ತರಲ್ಲಿ ಒಂದು ಪಾಲು ಮೀರಿದರೆ ಬಿಸ್ಕತ್ತು ಬೋಂಡದ ನೆನಪು ತರುತ್ತದೆ. ನವಣೆ, ಸಾಮೆಗಳಿಗೆ ಮಾರುಕಟ್ಟೆಯಲ್ಲಿ ಹೆಸರಿದೆ. ತಾಂತ್ರಿಕವಾಗಿ ಅವು ಅಕ್ಕಿಯ ಸಾಲಿಗೇ ಸೇರುತ್ತವೆ.

ಇವುಗಳ ಜೊತೆಗೆ ಒಂದು ಪಿಷ್ಟ ಬೇಕು. ಮರಗೆಣಸಿನ ಪಿಷ್ಟ ಅಥವಾ ಕಾರ್ನ್‌ಫ್ಲೋರ್ ಎಂದು ಕರೆಯಲಾಗುವ ಮೆಕ್ಕೆಜೋಳದ ಪಿಷ್ಟ ಒಟ್ಟು ಹಿಟ್ಟಿನ ಐದನೇ ಒಂದು ಭಾಗದಷ್ಟಿದ್ದರೆ ಗರಿ ಬರುತ್ತದೆ. ಕೊನೆಯದಾಗಿ ಅಂಟು. ಜಾಂಥನ್ ಗಮ್, ಗೋರಿಕಾಯಿ ಬೀಜದಿಂದ ತೆಗೆಯುವ ಗೌರ್ ಗಮ್ ಅಥವಾ ಇಸಬ್‌ಗೋಲ್ ಹೊಟ್ಟು ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಗಮ್ ಆದರೆ 100 ಕಿಲೋ ಹಿಟ್ಟಿಗೆ 300ರಿಂದ 500 ಗ್ರಾಂ ಮಾತ್ರ. ಪುಡಿಯಾಗುವುದನ್ನು ತಡೆಯಲು ಇನ್ನಷ್ಟು ಹಾಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಹೆಚ್ಚಾದರೆ ಗರಿ ಹೋಗಿ ಹಲ್ಲಿಗಂಟುವ ಲೋಳೆತನ ಉಳಿಯುತ್ತದೆ.

ಗಮ್‌ನ ವೆಚ್ಚವನ್ನು ಉಳಿಸುವ ಉಪಾಯವೊಂದು ನಾಡಿನ ಅಡುಗೆಮನೆಗಳಲ್ಲಿಯೇ ಇದೆ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ಉಕ್ಕರಿಸುತ್ತಾರೆ; ಜೋಳದ ರೊಟ್ಟಿಗೆ ಬಿಸಿ ನೀರು ಹೊಯ್ದು ಜಿಗಿ ಬರಿಸುತ್ತಾರೆ. ಗ್ಲೂಟೆನ್ ಇಲ್ಲದ ಹಿಟ್ಟನ್ನು ಹರಿಯದಂತೆ ತಟ್ಟುವ ಈ ವಿದ್ಯೆಯ ಮರ್ಮ ಪಿಷ್ಟವನ್ನು ಮುಂಚಿತವಾಗಿ ಬೇಯಿಸುವುದರಲ್ಲಿದೆ. ಒಟ್ಟು ಹಿಟ್ಟಿನಲ್ಲಿ ಶೇ. 5ರಷ್ಟನ್ನು ಇದೇ ರೀತಿ ಗಂಜಿಯಾಗಿ ಬೇಯಿಸಿ, ಪೂರ್ತಿ ತಣಿಸಿ, ಕಣಕಕ್ಕೆ ಸೇರಿಸಿದರೆ ಗಮ್ ಅರ್ಧಕ್ಕಿಳಿಸಬಹುದು. ಪದಾರ್ಥಗಳ ಪಟ್ಟಿಯೂ ಚಿಕ್ಕದಾಗುತ್ತದೆ.

ಪ್ರಯೋಗಕ್ಕೆ ಒಂದು ಆರಂಭಿಕ ಸೂತ್ರವನ್ನು ಹೀಗೆ ಇಟ್ಟುಕೊಳ್ಳಬಹುದು: ಹುರಿದ ರಾಗಿ ಹಿಟ್ಟು 40 ಕಿಲೋ, ಅಕ್ಕಿ ಹಿಟ್ಟು 30, ಪಿಷ್ಟ 20, ಕಡಲೆ ಹಿಟ್ಟು 10, ಒಟ್ಟು 100. ಇದಕ್ಕೆ ಪುಡಿ ಸಕ್ಕರೆ 50, ಬೆಣ್ಣೆ ಅಥವಾ ಇತರ ಕೊಬ್ಬು 45, ಬೇಕಿಂಗ್ ಪೌಡರ್ 1, ಉಪ್ಪು ಅರ್ಧ ಕಿಲೋ, ನೀರು 12ರಿಂದ 16. ಒಲೆಯ ಉಷ್ಣತೆ 160ರಿಂದ 170 ಡಿಗ್ರಿ ಸೆಲ್ಸಿಯಸ್. ಮೈದಾ ಬಿಸ್ಕತ್ತಿಗಿಂತ ಉಷ್ಣತೆ ತುಸು ಕಡಿಮೆ, ಅವಧಿ ತುಸು ಹೆಚ್ಚು. ಅಕ್ಕಿಯ ಪಾಲು ಹೆಚ್ಚಿರುವ ಸೂತ್ರದಲ್ಲಿ ಬಿಸ್ಕತ್ತು ಅತಿಯಾಗಿ ಹರಡಿದರೆ ಕೊಬ್ಬನ್ನು ಎರಡು ಮೂರು ಕಿಲೋ ಇಳಿಸಿ, ಕಣಕವನ್ನು ತಣ್ಣಗಿರಿಸಿ ನೋಡಬೇಕು. ಅಳತೆಯೆಲ್ಲ ತೂಕದಲ್ಲಿಯೇ ನಡೆಯಲಿ. ಒಂದು ಪಾವು ಮೈದಾ, ಒಂದು ಪಾವು ಅಕ್ಕಿ ಹಿಟ್ಟು ತೂಕದಲ್ಲಿ ಸಮವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರಗಳ ನೆರವು ಇಂತಹ ಪ್ರಯೋಗಗಳಿಗೆ ಬಹುಕಾಲದಿಂದ ರಾಜ್ಯದ ಉದ್ದಿಮೆದಾರರಿಗೆ ಒದಗಿಬಂದಿದೆ.

ಒಂದು ಹಿಡಿ ಮೈದಾ

ಇಲ್ಲಿಯವರೆಗಿನದು ಪಾಕಶಾಸ್ತ್ರ. ಇನ್ನು ಮುಂದಿನದು ಅಂಕಗಣಿತ.

ಅಂತಾರಾಷ್ಟ್ರೀಯ ಕೋಡೆಕ್ಸ್ ಆಯೋಗವು 1979ರ ತನ್ನ ಮಾನದಂಡವನ್ನು 2008ರಲ್ಲಿ ಪರಿಷ್ಕರಿಸಿ, ಗ್ಲೂಟೆನ್‌ರಹಿತವೆಂದು ಕರೆಯಲಾಗುವ ಆಹಾರದಲ್ಲಿ ಗ್ಲೂಟೆನ್ ಪ್ರಮಾಣ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಕೂಡದೆಂದು ಗೊತ್ತುಪಡಿಸಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅನುಸರಿಸುವುದೂ ಇದೇ ಮಿತಿಯನ್ನು. 20ರಿಂದ 100 ಮಿಲಿಗ್ರಾಂವರೆಗಿನದು ‘ಕಡಿಮೆ ಗ್ಲೂಟೆನ್’ ವರ್ಗಕ್ಕೆ ಸೇರುತ್ತದೆ. ಅದು ಸೀಲಿಯಾಕ್ ಕಾಯಿಲೆಯವರಿಗೆ ಯೋಗ್ಯವಲ್ಲ. ಅಮೆರಿಕದ ನಿಯಮದಲ್ಲಿಯೂ ಮಿತಿ 20 ಮಿಲಿಗ್ರಾಂ.

ಈ ಮಿತಿ ಎಷ್ಟು ಕಿರಿದು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಮೈದಾದಲ್ಲಿ ಸುಮಾರು ಶೇ. 10 ಪ್ರೋಟೀನು, ಅದರ ಸುಮಾರು ಶೇ. 80 ಗ್ಲೂಟೆನ್. ಅಂದರೆ ಒಂದು ಕಿಲೋ ಮೈದಾದಲ್ಲಿ 80 ಗ್ರಾಂ, ಅರ್ಥಾತ್ 80,000 ಮಿಲಿಗ್ರಾಂ ಗ್ಲೂಟೆನ್. ಇದರ ಪ್ರಕಾರ 20 ಮಿಲಿಗ್ರಾಂ ಗ್ಲೂಟೆನ್ ಬರಲು ಬೇಕಾಗುವ ಮೈದಾ ಕಾಲು ಗ್ರಾಂ. ಒಂದು ಕಿಲೋ ಬಿಸ್ಕತ್ತಿಗೆ ಕಾಲು ಗ್ರಾಂ ಎಂದರೆ ಒಂದು ಕ್ವಿಂಟಾಲಿಗೆ 25 ಗ್ರಾಂ. ಒಂದು ಹಿಡಿಗಿಂತಲೂ ಕಡಿಮೆ. ಮಿಶ್ರಣ ಯಂತ್ರದ ಸಂದಿಯಲ್ಲಿ, ಗೋಣಿಚೀಲದ ಹೊಲಿಗೆಯಲ್ಲಿ, ಮರದ ಲಟ್ಟಣಿಗೆಯ ಬಿರುಕಿನಲ್ಲಿ, ತಟ್ಟೆಗಳ ಅಂಚಿನಲ್ಲಿ ಅಷ್ಟು ಮೈದಾ ಉಳಿಯದ ಬೇಕರಿ ಎಲ್ಲಿದೆ? ಪಕ್ಕದ ಮೇಜಿನಲ್ಲಿ ಮೈದಾ ಜರಡಿ ಹಿಡಿದಾಗ ಏಳುವ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಬೆಳಿಗ್ಗೆ ಗ್ಲೂಟೆನ್‌ರಹಿತ, ಮಧ್ಯಾಹ್ನ ಮಾಮೂಲು ಎಂಬ ಪಾಳಿ ವ್ಯವಸ್ಥೆಯನ್ನು ಹಲವರು ಸೂಚಿಸುತ್ತಾರೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುವ ಈ ಏರ್ಪಾಡು ಸಣ್ಣ ಬೇಕರಿಯ ನಿಜ ಪರಿಸ್ಥಿತಿಯಲ್ಲಿ ನಿಲ್ಲುವುದು ಕಷ್ಟ. ಕೆಲಸಗಾರರು ಊಟಕ್ಕೆ ತರುವ ಚಪಾತಿಯ ಬಗ್ಗೆಯೂ ನಿಯಮ ಬೇಕಾಗುವಂತಹ ಕೆಲಸವಿದು.

ಗ್ಲೂಟೆನ್ ಬರುವ ದಾರಿ ಬೇಕರಿಯ ಒಳಗಷ್ಟೇ ಇಲ್ಲ. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿಯನ್ನೂ ಬೀಸಲಾಗುತ್ತದೆ. ಅಮೆರಿಕದಲ್ಲಿ ಸ್ವಭಾವತಃ ಗ್ಲೂಟೆನ್ ಇಲ್ಲದ ಧಾನ್ಯ ಮತ್ತು ಹಿಟ್ಟುಗಳ 22 ಮಾದರಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಲಾದ ವರದಿಯಲ್ಲಿ, 7 ಮಾದರಿಗಳು 20 ಮಿಲಿಗ್ರಾಂ ಮಿತಿಯನ್ನು ಮುಟ್ಟಿದ್ದವು ಅಥವಾ ಮೀರಿದ್ದವು. ಧಾನ್ಯ ನಿರ್ದೋಷಿ, ಸಾಗಣೆಯ ಲಾರಿ, ಗೋದಾಮು, ಗಿರಣಿ ಇವುಗಳ ಪಾಲು ಅದಕ್ಕಂಟಿಕೊಂಡಿರುತ್ತದೆ. ಇನ್ನು ಪದಾರ್ಥಗಳಲ್ಲಿ ಅಡಗಿರುವ ಗೋಧಿ. ಖಾರಾ ಬಿಸ್ಕತ್ತಿಗೆ ಹಾಕುವ ಕೂಟು ಇಂಗಿನಲ್ಲಿ ಇಂಗಿಗಿಂತ ಹಿಟ್ಟೇ ಹೆಚ್ಚಿರುತ್ತದೆ, ಆ ಹಿಟ್ಟು ಬಹುಮಟ್ಟಿಗೆ ಗೋಧಿಯದ್ದು. ಬಣ್ಣ, ಪರಿಮಳಕ್ಕೆ ಬಳಸುವ ಮಾಲ್ಟ್ ಸಾರ ಸಾಮಾನ್ಯವಾಗಿ ಬಾರ್ಲಿಯದ್ದು. ರಾಗಿ ಮಾಲ್ಟ್ ಆದರೆ ಆ ಭಯವಿಲ್ಲ. ರವೆ ಗೋಧಿಯೇ ಎಂಬುದನ್ನು ಮರೆತು ನಾನ್‌ಖಟಾಯಿಗೆ ಸೇರಿಸುವವರಿದ್ದಾರೆ. ಓಟ್ಸ್ ಕೂಡ ಭಾರತದ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಗ್ಲೂಟೆನ್ ಧಾನ್ಯಗಳ ಸಾಲಿನಲ್ಲಿಯೇ ಇದೆ.

ಪೊಟ್ಟಣದ ಮೇಲಿನ ಮಾತು

ಹೀಗಿರುವಾಗ ಸಣ್ಣ ತಯಾರಕರ ಮುಂದೆ ಇರುವುದು ಎರಡು ದಾರಿಗಳು. ಎರಡೂ ಗೌರವದ ದಾರಿಗಳೇ.

ಒಂದು, ಈಗಿರುವ ಬೇಕರಿಯಲ್ಲಿಯೇ ಮೈದಾ ಸೇರಿಸದ ರಾಗಿ ಕುಕ್ಕೀಸ್ ತಯಾರಿಸಿ ‘ರಾಗಿ ಕುಕ್ಕೀಸ್’ ಎಂದೇ ಮಾರುವುದು. ಪೊಟ್ಟಣದ ಹಿಂಬದಿಯಲ್ಲಿ ಗೋಧಿಯ ಅಂಶ ಇರಬಹುದೆಂಬ ಎಚ್ಚರಿಕೆಯನ್ನು ಮುದ್ರಿಸಬೇಕು. ರುಚಿಗಾಗಿ, ಆರೋಗ್ಯಕ್ಕಾಗಿ ಸಿರಿಧಾನ್ಯ ಬಯಸುವ ಗ್ರಾಹಕರಿಗೆ ಈ ಎಚ್ಚರಿಕೆ ಅಡ್ಡಿಯಾಗುವುದಿಲ್ಲ. ಮತ್ತೊಂದು, ಗೋಧಿಯ ಪ್ರವೇಶವೇ ಇಲ್ಲದ ಪ್ರತ್ಯೇಕ ಕೊಠಡಿ, ಪ್ರತ್ಯೇಕ ಸಲಕರಣೆ, ಪ್ರಮಾಣಪತ್ರ ಒದಗಿಸಬಲ್ಲ ಪ್ರತ್ಯೇಕ ಗಿರಣಿಯ ಹಿಟ್ಟು, ತಂಡ ತಂಡಕ್ಕೂ ಪ್ರಯೋಗಾಲಯದ ವರದಿ ಇವೆಲ್ಲವನ್ನೂ ಹೊಂದಿಸಿಕೊಂಡು ‘ಗ್ಲೂಟೆನ್ ಫ್ರೀ’ ಎಂದು ಮುದ್ರಿಸುವುದು. ಇವೆರಡರ ನಡುವೆ ನಿಲ್ಲುವುದು, ಅಂದರೆ ಮೊದಲನೆಯದರ ವೆಚ್ಚದಲ್ಲಿ ಎರಡನೆಯದರ ಬೆಲೆ ಪಡೆಯಲು ಯತ್ನಿಸುವುದು, ಅಪಾಯಕಾರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 52ನೇ ಕಲಮಿನಡಿ ತಪ್ಪು ಗುರುತು ಹಾಕಿದ ಆಹಾರಕ್ಕೆ 3 ಲಕ್ಷ ರೂ.ವರೆಗೆ, 53ನೇ ಕಲಮಿನಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡಕ್ಕಿಂತ ಹೆಚ್ಚಿನದು ಬೇರೊಂದಿದೆ. ಆ ಪೊಟ್ಟಣವನ್ನು ನಂಬಿ ಕೊಳ್ಳುವವರಲ್ಲಿ ಬಹಳಷ್ಟು ಮಂದಿ ಮಕ್ಕಳ ತಾಯಂದಿರು. ಹಾನಿ ಕೂಡಲೇ ಕಣ್ಣಿಗೆ ಬೀಳುವಂಥದ್ದಲ್ಲ. ದೂರು ಬರಲಿಲ್ಲವೆಂದ ಮಾತ್ರಕ್ಕೆ ಸರಕು ಸರಿಯಾಗಿದೆ ಎಂದು ತಯಾರಕರು ಭಾವಿಸುವಂತಿಲ್ಲ.

ತೆರಿಗೆಯ ಬದಲಾದ ಲೆಕ್ಕ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗಿನಿಂದ ಬಿಸ್ಕತ್ತಿನ ಮೇಲಿನ ದರ ಶೇ. 18 ಆಗಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ಈ ಇಳಿಕೆಯ ಲಾಭವನ್ನು ಗ್ರಾಹಕರ ಬೆಲೆಯಲ್ಲಿ ಮಾತ್ರ ಗುರುತಿಸಿದವರು ಅದರ ಇನ್ನೊಂದು ಪರಿಣಾಮವನ್ನು ಗಮನಿಸಿದಂತಿಲ್ಲ.

ಸಣ್ಣ ಬೇಕರಿಗಳಲ್ಲಿ ಅನೇಕವು ರಾಜಿ ತೆರಿಗೆ ಪದ್ಧತಿಯಲ್ಲಿವೆ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂ. ಒಳಗಿರುವ ತಯಾರಕರು ವಹಿವಾಟಿನ ಶೇ. 1 ತೆರಿಗೆ ಕಟ್ಟಿ ನಿಶ್ಚಿಂತರಾಗಿರಬಹುದು. ಆದರೆ ಈ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ, ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯುವಂತಿಲ್ಲ. 2023ರ ಅಕ್ಟೋಬರ್ 1ರಿಂದ ಅಂತರ್ಜಾಲ ಮಾರುಕಟ್ಟೆಗಳ ಮೂಲಕ ಮಾರಲು ಅವರಿಗೆ ಅನುಮತಿ ದೊರೆತಿದ್ದರೂ ಅದು ರಾಜ್ಯದ ಒಳಗಿನ ಮಾರಾಟಕ್ಕೆ ಸೀಮಿತ. ಗ್ಲೂಟೆನ್‌ರಹಿತ ಬಿಸ್ಕತ್ತಿನ ನೆಚ್ಚಿನ ಗ್ರಾಹಕರು ಉತ್ತರದಲ್ಲಿರುವಾಗ ಈ ನಿರ್ಬಂಧ ಕುತ್ತಿಗೆಗೇ ಬಂದಂತೆ.

ಹಿಂದೆ ಸಾಮಾನ್ಯ ಪದ್ಧತಿಗೆ ಬದಲಾಗುವುದು ದುಬಾರಿಯಾಗಿತ್ತು. ಉದಾಹರಣೆಗೆ, ತೆರಿಗೆಯೂ ಸೇರಿ ವರ್ಷಕ್ಕೆ 50 ಲಕ್ಷ ರೂ. ಮಾರಾಟವಿರುವ ಘಟಕವೊಂದನ್ನು ಊಹಿಸಿಕೊಳ್ಳೋಣ. ಶೇ. 5 ತೆರಿಗೆಯ ಪದಾರ್ಥಗಳು 16 ಲಕ್ಷ, ಶೇ. 18 ತೆರಿಗೆಯ ಪೊಟ್ಟಣ ಸಾಮಗ್ರಿ 6 ಲಕ್ಷ, ಪ್ರಯೋಗಾಲಯ ಮತ್ತು ಕೊರಿಯರ್ ಮುಂತಾದ ಶೇ. 18 ತೆರಿಗೆಯ ಸೇವೆಗಳು 2 ಲಕ್ಷ ಎಂದು ಹಿಡಿದರೆ, ಕೊಳ್ಳುವಾಗ ತೆತ್ತ ತೆರಿಗೆ ಕ್ರಮವಾಗಿ 80,000, 1,08,000 ಮತ್ತು 36,000, ಒಟ್ಟು 2,24,000 ರೂ. ರಾಜಿ ಪದ್ಧತಿಯಲ್ಲಿ ಇದು ಪೂರ್ತಿ ವೆಚ್ಚವೇ. ಅದರ ಮೇಲೆ 50,000 ರೂ. ರಾಜಿ ತೆರಿಗೆ. ಒಟ್ಟು ಹೊರೆ 2,74,000. ಸಾಮಾನ್ಯ ಪದ್ಧತಿಯಲ್ಲಿ ಅದೇ 50 ಲಕ್ಷದೊಳಗೆ ಅಡಕವಾಗಿರುವ ಮಾರಾಟ ತೆರಿಗೆ ಶೇ. 18ರ ಕಾಲದಲ್ಲಿ ಸುಮಾರು 7,63,000 ರೂ. ಆಗುತ್ತಿತ್ತು, ಶೇ. 5ರ ದರದಲ್ಲಿ ಸುಮಾರು 2,38,000. ಹೂಡುವಳಿ ಜಮೆಯನ್ನು ಕಳೆದು ನಗದಾಗಿ ಕಟ್ಟಬೇಕಾದುದು 14,000 ರೂ. ಆಸುಪಾಸು. ಅಂದರೆ ಈ ಉದಾಹರಣೆಯಲ್ಲಿ ಸಾಮಾನ್ಯ ಪದ್ಧತಿಯೇ ಅಗ್ಗ, ಜೊತೆಗೆ ಇಡೀ ದೇಶದ ಮಾರುಕಟ್ಟೆ ತೆರೆದಿರುತ್ತದೆ. ಹಿಟ್ಟನ್ನೆಲ್ಲ ತೆರಿಗೆಯಿಲ್ಲದೆ, 25 ಕಿಲೋ ಮೀರಿದ ಮೂಟೆಗಳಲ್ಲಿ ಕೊಳ್ಳುವ ಘಟಕದಲ್ಲಿ ಜಮೆ ಕಡಿಮೆಯಾಗಿ ಫಲಿತಾಂಶ ಬೇರೆಯಾಗಬಹುದು. ಪ್ರತಿಯೊಬ್ಬರೂ ತಮ್ಮ ಖರೀದಿ ಪುಸ್ತಕದ ಅಂಕಿಗಳನ್ನೇ ಹಾಕಿ ನೋಡಬೇಕು.

ಹಲವು ಪೊಟ್ಟಣ ಸಾಮಗ್ರಿಗಳ ದರ ಶೇ. 18, ಮಾರಾಟದ ದರ ಶೇ. 5 ಆಗಿರುವುದರಿಂದ ಕೆಲವರಲ್ಲಿ ಜಮೆ ಶೇಖರವಾಗುತ್ತಾ ಹೋಗಬಹುದು. ತಲೆಕೆಳಗಾದ ದರದ ಕಾರಣದಿಂದ ಉಳಿದ ಜಮೆಯನ್ನು ಮರುಪಾವತಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದು ಕಚ್ಚಾ ಸಾಮಗ್ರಿಗಳ ಮೇಲಿನ ತೆರಿಗೆಗೆ ಮಾತ್ರ. ಒಲೆ, ಮಿಶ್ರಣ ಯಂತ್ರಗಳ ಮೇಲಿನ ತೆರಿಗೆಗಾಗಲೀ ಪ್ರಯೋಗಾಲಯದ ಸೇವೆಯ ಮೇಲಿನ ತೆರಿಗೆಗಾಗಲೀ ಮರುಪಾವತಿ ಇಲ್ಲ. ಸೇವೆಗಳನ್ನು ಹೊರಗಿಟ್ಟಿರುವುದನ್ನು ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ ಎತ್ತಿಹಿಡಿದಿದೆ. ಹೊಸ ಕೊಠಡಿಗೆ ಯಂತ್ರ ಕೊಳ್ಳುವವರು ಆ ತೆರಿಗೆ ಹಲವು ತಿಂಗಳುಗಳ ಕಾಲ ಜಮೆಯಲ್ಲಿಯೇ ಸಿಲುಕಿರುತ್ತದೆಂದು ದುಡಿಯುವ ಬಂಡವಾಳದ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ತಂಡದ ಗಾತ್ರ

ಬೆಲೆ ನಿಗದಿಯಲ್ಲಿ ಹಿಟ್ಟಿನ ದರದ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಆದರೆ ದೊಡ್ಡ ವ್ಯತ್ಯಾಸಗಳು ಬೇರೆಡೆ ಇವೆ. ಗ್ಲೂಟೆನ್‌ರಹಿತ ಬಿಸ್ಕತ್ತು ಹೆಚ್ಚು ಮುರಿಯುತ್ತದೆ. ಮೈದಾ ಬಿಸ್ಕತ್ತಿನಲ್ಲಿ ನೂರಕ್ಕೆ 3 ಒಡೆಯುತ್ತಿದ್ದ ಕಡೆ ಇಲ್ಲಿ 8 ಒಡೆಯುತ್ತವೆ ಎಂದಿಟ್ಟುಕೊಂಡರೆ, ಮಾರಾಟಯೋಗ್ಯ ಕಿಲೋ ಒಂದರ ವೆಚ್ಚ ಅಷ್ಟರಿಂದಲೇ ಶೇ. 5ಕ್ಕಿಂತ ತುಸು ಹೆಚ್ಚುತ್ತದೆ. ದೂರದ ಸಾಗಣೆಗೆ ತಟ್ಟೆಯಿರುವ ಗಟ್ಟಿ ಪೊಟ್ಟಣ ಬೇಕು. ಒಡೆದ ಚೂರನ್ನು ಮುಂದಿನ ಕಣಕಕ್ಕೆ ಸೇರಿಸುವ ರೂಢಿಯನ್ನು ಇಲ್ಲಿ ಮಿತಿಗೊಳಿಸಬೇಕು. ಚೂರು ಬೆರೆತೊಡನೆ ತಂಡಗಳ ಗುರುತು ಕಲಸಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆಯ ವೆಚ್ಚ. ಎಲೈಸಾ ವಿಧಾನದ ಗ್ಲೂಟೆನ್ ಪರೀಕ್ಷೆಗೆ ಲೆಕ್ಕದ ಸಲುವಾಗಿ 5,000 ರೂ. ಎಂದು ಹಿಡಿಯೋಣ. 50 ಕಿಲೋ ತಂಡವಾದರೆ ಕಿಲೋ ಒಂದಕ್ಕೆ 100 ರೂ. ಬೀಳುತ್ತದೆ, 500 ಕಿಲೋ ತಂಡವಾದರೆ 10 ರೂ. ದಿನವೂ ಸ್ವಲ್ಪ ಸ್ವಲ್ಪ ತಯಾರಿಸಿ ತಾಜಾ ಮಾರುವ ಬೇಕರಿ ಪದ್ಧತಿಗೂ ಈ ವ್ಯಾಪಾರಕ್ಕೂ ಹೊಂದಿಕೆಯಾಗದಿರುವುದು ಇಲ್ಲಿಯೇ. ತಿಂಗಳಿಗೊಮ್ಮೆ ಒಂದೇ ಮೂಟೆ ಸರಣಿಯ ಹಿಟ್ಟಿನಿಂದ ದೊಡ್ಡ ತಂಡವೊಂದನ್ನು ತಯಾರಿಸಿ, ವರದಿ ಬರುವವರೆಗೆ ದಾಸ್ತಾನಿನಲ್ಲಿರಿಸಿ, ಬಳಿಕ ಬಿಡುಗಡೆ ಮಾಡಬೇಕಾಗುತ್ತದೆ. ಅದಕ್ಕೆ ಬಾಳಿಕೆ ಬೇಕು, ಬಾಳಿಕೆಗೆ ತೇವ ನುಸುಳದ ಹಾಳೆ ಬೇಕು, ಒಂದು ತಿಂಗಳ ಸರಕಿನಲ್ಲಿ ಹೂಡಿದ ಹಣಕ್ಕೆ ಬಡ್ಡಿ ಬೇಕು. ಸಿದ್ಧ ಬಿಸ್ಕತ್ತಿಗೆ ಮುನ್ನ ಹಿಟ್ಟಿನ ಮಾದರಿಯನ್ನೇ ಪರೀಕ್ಷಿಸಿ ತಿರಸ್ಕರಿಸುವುದು ಅಗ್ಗ. ಬೆಣ್ಣೆ, ಸಕ್ಕರೆ ಬೆರೆತ ಮೇಲೆ ತಿರಸ್ಕರಿಸಿದರೆ ಅವುಗಳ ಬೆಲೆಯೂ ಹೋಗುತ್ತದೆ. ಮೈದಾ ಧೂಳು ಸಮನಾಗಿ ಹರಡಿರುವುದಿಲ್ಲವಾದುದರಿಂದ ತಂಡದ ಆದಿ, ಮಧ್ಯ, ಅಂತ್ಯಗಳಿಂದ ಮಾದರಿ ತೆಗೆಯುವುದು ಅವಶ್ಯ.

ಇಷ್ಟೆಲ್ಲ ಒಬ್ಬರೇ ಭರಿಸುವುದು ಕಷ್ಟವಾದರೆ, ನಾಲ್ಕಾರು ಬೇಕರಿಗಳು ಸೇರಿ ಗೋಧಿರಹಿತವಾದ ಒಂದೇ ಘಟಕವನ್ನು ನಡೆಸಿ, ತಮ್ಮ ತಮ್ಮ ಹೆಸರಿನಲ್ಲಿ ಗುತ್ತಿಗೆ ತಯಾರಿಕೆ ಮಾಡಿಸಿಕೊಳ್ಳುವ ಏರ್ಪಾಡು ಪರಿಶೀಲನಾರ್ಹ. ಅಂತಹ ಒಪ್ಪಂದದಲ್ಲಿ ಹಿಟ್ಟಿನ ಮೂಲ, ತಂಡದ ಸಂಖ್ಯೆ, ವರದಿಯ ಪ್ರತಿ ಯಾರ ವಶದಲ್ಲಿರಬೇಕು, ಸರಕು ಹಿಂತೆಗೆದುಕೊಳ್ಳಬೇಕಾದರೆ ವೆಚ್ಚ ಯಾರದು ಎಂಬುದನ್ನು ಬರೆದಿಟ್ಟಿರಬೇಕು. ಕಾಯಿದೆಯ 80ನೇ ಕಲಮಿನಲ್ಲಿ, ಸಾಧ್ಯವಿದ್ದ ಎಲ್ಲ ಎಚ್ಚರಿಕೆಗಳನ್ನೂ ವಹಿಸಿದುದಾಗಿ ಸಾಬೀತುಪಡಿಸುವ ಪ್ರತಿರಕ್ಷೆಗೆ ಅವಕಾಶವಿದೆ. ಅದಕ್ಕೆ ಆಧಾರ ಬಾಯಿಮಾತಲ್ಲ, ದಾಖಲೆ. ಗಿರಣಿಯ ಪ್ರಮಾಣಪತ್ರ, ಸ್ವಚ್ಛತೆಯ ದಿನಚರಿ, ಪ್ರತಿ ತಂಡದ ವರದಿ ಮತ್ತು ಮೊಹರು ಮಾಡಿದ ಒಂದೆರಡು ಪೊಟ್ಟಣಗಳನ್ನು ಬಾಳಿಕೆಯ ಅವಧಿ ಮುಗಿದು ಮೂರು ತಿಂಗಳವರೆಗಾದರೂ ಕಾಯ್ದಿರಿಸುವುದು ಒಳ್ಳೆಯದು. ಈಗಾಗಲೇ ‘ಗ್ಲೂಟೆನ್ ಫ್ರೀ’ ಎಂದು ಅಚ್ಚಾಗಿರುವ ಹಾಳೆಯ ದಾಸ್ತಾನು ಗೋದಾಮಿನಲ್ಲಿದ್ದು ಕೊಠಡಿ ಮಾತ್ರ ಇನ್ನೂ ಸಿದ್ಧವಾಗಿರದ ಘಟಕಗಳು, ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಆ ಹಾಳೆಗೆ ಎಷ್ಟು ಮೌಲ್ಯ ಕಟ್ಟಬೇಕೆಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಈಗಲೇ ಚರ್ಚಿಸುವುದು ಸೂಕ್ತ.